ಧೂಳು ನುಗ್ಗದ ಮನೆಗಾಡಿ

ಉಸ್ಮಾನ್: ನೀರು ತುಂಬಿಸುವುದಾ? ಗಾಡಿಯ ಒಳಗೆ? ನಿಮಗೆ ತಲೆ ಸಮ ಉಂಟಾ ಉಮಾನಾಥಣ್ಣ?

ಉಮಾನಾಥ: ಮತ್ತೆ ತೂತು ಎಲ್ಲಿ ಉಂಟು ಅಂತ ಗೊತ್ತಾಗುವುದು ಹೇಗೆ ಸಾಹೇಬ್ರೇ? ಮಲ್ಪೆಯಲ್ಲಿ ನಾವು ದೋಣಿಗೆ ಹಾಗೆಯೇ ಮಾಡುವುದು. ಒಳಗೆ ನೀರು ತುಂಬಿಸಿ, ಹೊರಗೆ ನಿಂತು ನೋಡುವುದು. ಎಲ್ಲಿ ಜಿನುಗ್ತದೋ ಅಲ್ಲಿಗೆ ಹತ್ತಿ ಜಡಿಯುವುದು.

ಉಸ್ಮಾನ್: ಇದು ದೋಣಿ ಅಲ್ಲ ಮಾರಾಯ್ರೆ! ಒಳಗೆ ಒಲೆ ಉಂಟು, ಕಪಾಟು ಉಂಟು, ಹಾಸಿಗೆ ಉಂಟು.

ಉಮಾನಾಥ: ಹಾಸಿಗೆ ತೇಲ್ತದೆ. ನೀವು ಹೆದರಬೇಡಿ.

ಎಪ್ಪತ್ತೊಂಬತ್ತನೆಯ ಇಸವಿಯ ಒಂದು ಬೆಳಿಗ್ಗೆ, ಕಾಪುವಿನ ಉಸ್ಮಾನ್ ಸಾಹೇಬರ ಅಂಗಳದಲ್ಲಿ ನಡೆಯುತ್ತಿದ್ದ ಜಗಳವಿದು. ಕುವೈಟಿನಿಂದ ಊರಿಗೆ ಮರಳಿದ ಸಾಹೇಬರು, ಜರ್ಮನಿಯಿಂದ ರಸ್ತೆಯಲ್ಲೇ ಇಲ್ಲಿವರೆಗೆ ಬಂದ ಬಿಳಿ ದಂಪತಿಯಿಂದ ಈ ಮುದಿ ಗಾಡಿಯನ್ನು ಕೊಂಡಿದ್ದರು. ಮಲಗುವ ಜಾಗ, ಅಡುಗೆಮನೆ, ಸ್ಟೇರಿಂಗು, ಎಲ್ಲ ಒಂದೇ ಸೂರಿನಡಿ; ಬಾಗಿಲೂ ಒಂದೇ. ಆದರೆ ಅದರ ಮೈಯಲ್ಲಿ ಬಿರುಕಿಲ್ಲದ ಜಾಗ ಹುಡುಕುವುದೇ ಕಷ್ಟ. ಹೋದ ಸಲ ಅದರಲ್ಲಿ ಕಾರ್ಕಳಕ್ಕೆ ಹೋದ ಸಾಹೇಬರ ಹೆಂಡತಿ ಹಲೀಮಾ, ಇಳಿಯುವಾಗ ತಲೆಯಿಂದ ಕಾಲಿನವರೆಗೆ ಕೆಂಪು ಧೂಳಾಗಿದ್ದರು. ಅಲ್ಲಿರುವ ಅವರ ಅಕ್ಕ ಖದೀಜಮ್ಮ ನೆಂಟರೆಲ್ಲರ ಮುಂದೆ, "ಹೆಂಚಿನ ಕಾರ್ಖಾನೆಯಿಂದ ನೇರ ಬಂದದ್ದಾ?" ಎಂದು ಕೇಳಿ ನಕ್ಕಿದ್ದರು. ಈ ದಿನ ಮಧ್ಯಾಹ್ನ ಅದೇ ಅಕ್ಕನ ಮಗಳ ನಿಶ್ಚಿತಾರ್ಥ. ಹಲೀಮಾ ಕೆನೆ ಬಣ್ಣದ ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದರು. ಸಾಹೇಬರು ಬೇರೆ ದಾರಿ ಕಾಣದೆ, ದೋಣಿಗಳ ಬಿರುಕು ಮುಚ್ಚುವ ಉಮಾನಾಥರನ್ನು ಮಲ್ಪೆಯಿಂದ ಕರೆಸಿದ್ದರು.

ಉಸ್ಮಾನ್: ಇವತ್ತೊಂದು ದಿನ ಬಸ್ಸಿನಲ್ಲಿ ಹೋಗುವ ಹಲೀಮಾ.

ಹಲೀಮಾ: ಬಸ್ಸಿನಲ್ಲಿ ಹೋದರೆ, "ಗಾಡಿ ಗುಜರಿಗೆ ಹಾಕಿದಿರಾ?" ಅಂತ ಕೇಳ್ತಾಳೆ. ಅವಳ ಬಾಯಿ ನಿಮಗೆ ಗೊತ್ತಿಲ್ವಾ? ನೀರೂ ಬೇಡ ಗೀರೂ ಬೇಡ. ಒಳಗೆ ಹೊಗೆ ಹಾಕಿ. ಹೊಗೆ ಎಲ್ಲಿಂದ ಹೊರಗೆ ಬರ್ತದೋ ಅದೇ ತೂತು.

ಉಮಾನಾಥ: ಅಕ್ಕ ಹೇಳಿದ್ದು ಸಮ. ಆದರೆ ಒಳಗೆ ಕೂತು ಹೊಗೆ ಹಾಕುವವರು ಯಾರು?

ಹಲೀಮಾ ಗಂಡನ ಮುಖ ನೋಡಿದರು. ಉಮಾನಾಥರೂ ನೋಡಿದರು.

ಉಸ್ಮಾನ್: ನಾನಾ?

ಹಲೀಮಾ: ಗಾಡಿ ತಂದದ್ದು ಯಾರು?

ಸಾಹೇಬರು ಕೆಂಡದ ಪಾತ್ರೆಗೆ ಹಿಡಿ ತುಂಬ ಲೋಬಾನ ಹಾಕಿಕೊಂಡು ಒಳಗೆ ಹೋದರು. ಉಮಾನಾಥರು ಎಣ್ಣೆ, ರಾಳ ಬೆರೆಸಿ ನೆನೆಸಿದ ಹತ್ತಿಯನ್ನು ಹೆಗಲಿಗೆ ಹಾಕಿಕೊಂಡು, ಉಳಿ, ಕೊಡತಿ ಹಿಡಿದು ಹೊರಗೆ ನಿಂತರು.

ಉಸ್ಮಾನ್: (ಒಳಗಿನಿಂದ) ಹೊಗೆ ಕಾಣ್ತದಾ?

ಉಮಾನಾಥ: ಕಿಟಕಿಯ ಮೂಲೆಯಲ್ಲಿ ಕಾಣ್ತದೆ... ಜಡಿದೆ!

ಉಸ್ಮಾನ್: (ಕೆಮ್ಮುತ್ತ) ಈಗ?

ಉಮಾನಾಥ: ಸೂರಿನ ಅಂಚಿನಲ್ಲಿ. ಅದನ್ನೂ ಜಡಿದೆ!

ಉಸ್ಮಾನ್: ಇನ್ನು... ಇನ್ನು ಎಷ್ಟು ಉಂಟು?

ಉಮಾನಾಥ: ಇನ್ನೊಂದೇ. ಅದು ಮಾತ್ರ ಭಾರೀ ದೊಡ್ಡದು ಸಾಹೇಬ್ರೇ. ಒಂದಾಳು ಎತ್ತರ ಉಂಟು. ಮೇಲೆ ಹೋಗಿ, ತಿರುಗಿ, ಕೆಳಗೆ ಬರ್ತದೆ. ಇಷ್ಟು ಉದ್ದದ ಬಿರುಕನ್ನು ನಾನು ಟ್ರಾಲರಿನಲ್ಲೂ ನೋಡಲಿಲ್ಲ.

ಉಸ್ಮಾನ್: ಜಡಿಯಿರಿ! ಯಾವುದನ್ನೂ ಬಿಡಬೇಡಿ! ಬೇಗ!

ಕೊಡತಿಯ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಉಮಾನಾಥರು ಕೊಡತಿ ಕೆಳಗಿಟ್ಟರು.

ಹಲೀಮಾ: ಇವರದ್ದು ಎಂತ ಸ್ವರವೇ ಇಲ್ಲ?

ಉಮಾನಾಥ: ನೋಡಿದಿರಾ ಅಕ್ಕ? ಕೆಲಸ ಅಂದರೆ ಇದು. ಹೊಗೆ ಬಿಡಿ, ಮನುಷ್ಯನ ಸ್ವರ ಕೂಡ ಹೊರಗೆ ಬರುವುದಿಲ್ಲ.

ಗಾಜಿನ ಹಿಂದೆ, ಹೊಗೆಯ ನಡುವೆ ಸಾಹೇಬರ ಮುಖ ಕಾಣಿಸಿತು. ಬಾಯಿ ದೊಡ್ಡದಾಗಿ ತೆರೆದಿತ್ತು. ಎರಡೂ ಕೈಗಳಿಂದ ಗಾಜಿಗೆ ಬಡಿಯುತ್ತಿದ್ದರು.

ಹಲೀಮಾ: ಪಾಪ, ಎಷ್ಟು ಖುಷಿಯಾಗಿದೆ ನೋಡಿ. ಚಪ್ಪಾಳೆ ತಟ್ತಿದ್ದಾರೆ.

ಉಮಾನಾಥ: ಎಂತದ್ದೋ ತೋರಿಸ್ತಾರೆ ಅಕ್ಕ. ಬಾಗಿಲು ಅಂತ ಕಾಣ್ತದೆ.

ಹಲೀಮಾ: ಬಾಗಿಲು ಎಲ್ಲಿ?

ಉಮಾನಾಥ: (ಗಾಡಿಗೆ ಒಂದು ಸುತ್ತು ಬಂದು, ಮೆಲ್ಲಗೆ) ಕೊನೆಗೆ ಜಡಿದದ್ದು ಅದನ್ನೇ.

ಹಲೀಮಾ: ಯಾ ಅಲ್ಲಾ! ಬಾಗಿಲಿಗೂ ಬಿರುಕಿಗೂ ವ್ಯತ್ಯಾಸ ಗೊತ್ತಾಗುವುದಿಲ್ವಾ ನಿಮಗೆ?

ಉಮಾನಾಥ: ದೋಣಿಗೆ ಬಾಗಿಲು ಇರುವುದಿಲ್ಲ ಅಕ್ಕ. ಅಭ್ಯಾಸ ಇಲ್ಲ.

ಉಳಿಯಿಂದ ಹತ್ತಿಯನ್ನೆಲ್ಲ ಕಿತ್ತು ಬಾಗಿಲು ತೆರೆದಾಗ ಸಾಹೇಬರಿಗಿಂತ ಮೊದಲು ಹೊಗೆ ಹೊರಗೆ ಬಂತು. ಸಾಹೇಬರು ಅಂಗಳದಲ್ಲಿ ಕೂತು ಕಣ್ಣೀರು ಸುರಿಸುತ್ತ ಉಸಿರೆಳೆದರು.

ಉಸ್ಮಾನ್: ಕೊಲ್ಲುವ ಯೋಚನೆ ಉಂಟಾ ನಿಮಗೆ?

ಹಲೀಮಾ: ಅದು ಆಮೇಲೆ ಹೇಳಿ. ಈಗ ಬಾಗಿಲಿನಿಂದ ಪುನಃ ಧೂಳು ಬರ್ತದಲ್ಲ, ಅದಕ್ಕೆಂತ ಮಾಡುವುದು?

ಉಮಾನಾಥ: ಸುಲಭ ಅಕ್ಕ. ನೀವಿಬ್ಬರೂ ಒಳಗೆ ಕೂತುಕೊಳ್ಳಿ. ನಾನು ಹೊರಗಿನಿಂದ ಜಡಿದುಬಿಡ್ತೇನೆ. ನಿಮ್ಮ ಹಿಂದೆಯೇ ಬಸ್ಸಿನಲ್ಲಿ ಉಳಿ ಹಿಡಿದುಕೊಂಡು ಬರ್ತೇನೆ. ಕಾರ್ಕಳದಲ್ಲಿ ಬಿಚ್ಚಿ ಕೊಡ್ತೇನೆ.

ಉಸ್ಮಾನ್: ಮತ್ತೆ ಉಸಿರಿಗೆ?

ಉಮಾನಾಥ: ಕಾರ್ಕಳ ಎಂತ ಕುವೈಟಾ ಸಾಹೇಬ್ರೇ? ಒಳಗೆ ಇಬ್ಬರಿಗೆ ಧಾರಾಳ ಗಾಳಿ ಉಂಟು. ದಾರಿಯಲ್ಲಿ ಜಗಳ ಮಾಡಬೇಡಿ, ಅಷ್ಟೆ.

ಉಸ್ಮಾನ್: ಜಗಳ ಮಾಡದೆ ಕಾರ್ಕಳದವರೆಗಾ? ಆಗುವ ಮಾತು ಹೇಳಿ!

ಹಲೀಮಾ: ಜಡಿಯಿರಿ ಉಮಾನಾಥಣ್ಣ.

ಮಧ್ಯಾಹ್ನ ಖದೀಜಮ್ಮನ ಅಂಗಳದಲ್ಲಿ ಗಾಡಿ ಬಂದು ನಿಂತಿತು. ನೆಂಟರೆಲ್ಲ ಸುತ್ತ ನೆರೆದರು. ಬಾಗಿಲು ಮಾತ್ರ ತೆರೆಯಲಿಲ್ಲ.

ಉಸ್ಮಾನ್: ಬಸ್ಸು ಪಡುಬಿದ್ರಿಯವರೆಗೆ ಹಿಂದೆಯೇ ಇತ್ತು. ಆಮೇಲೆ ಕಾಣಲೇ ಇಲ್ಲ. ಗಾಜು ಒಡೆಯಲಾ?

ಹಲೀಮಾ: ಅಂಗಳದ ಧೂಳು ನೋಡಿ ಹೇಗೆ ಹಾರ್ತದೆ! ಮುಟ್ಟಿದರೆ ಜಾಗ್ರತೆ!

ನೆಂಟರಲ್ಲಿ ಒಬ್ಬರು ಹಾರೆ ತಂದರು. ಹಲೀಮಾ ಒಳಗಿನಿಂದಲೇ ಕಣ್ಣು ಕೆಕ್ಕರಿಸಿ ಅವರನ್ನು ಹಿಂದೆ ಕಳಿಸಿದರು. ಮನೆಯೊಳಗೆ ಉಂಗುರ ತೊಡಿಸಿಯಾಯಿತು, ನೆಂಟರ ಪಂಕ್ತಿಗಳು ಎದ್ದವು. ಬಸ್ಸು ಬರಲಿಲ್ಲ. ಸಾಹೇಬರು ಹಸಿವಿನಿಂದ ಸ್ಟೇರಿಂಗಿನ ಮೇಲೆ ತಲೆಯಿಟ್ಟಿದ್ದರು. ಆಗ ಖದೀಜಮ್ಮ ಒಂದು ದೊಡ್ಡ ಪಾತ್ರೆ ಹಿಡಿದು ಗಾಡಿಯ ಹತ್ತಿರ ಬಂದರು. ಗಾಜಿನ ಆಚೆ ಅವರ ಬಾಯಿ ಆಡಿತು, ಏನೂ ಕೇಳಿಸಲಿಲ್ಲ. ಕೊನೆಗೆ ಪಾತ್ರೆಯನ್ನು ಬೋರಲು ಹಾಕಿ, ತಳಕ್ಕೆ ಎರಡು ಸಲ ತಟ್ಟಿ ತೋರಿಸಿದರು.

ಹಲೀಮಾ: ಎಂತ ಹೇಳ್ತಾಳೆ ಅವಳು?

ಉಸ್ಮಾನ್: (ಅಳುವ ಸ್ವರದಲ್ಲಿ) ಬಿರಿಯಾನಿ ಮುಗಿಯಿತು ಅಂತ.

ಹಲೀಮಾ: (ಸೆರಗು ಹರಡಿ, ಗಾಜಿಗೆ ಇನ್ನೂ ಹತ್ತಿರ ಹೋಗಿ) ಅದು ಬಿಡಿ. ಸೀರೆ ನೋಡಿದಳಾ?