ನಶ್ಯದ ಬಾಬು ರದ್ದು ಮಾಡುವ ಕುರಿತು

ಇಂದ,
ಹುಚ್ಚೀರಯ್ಯ,
ಅರ್ಜಿ ಬರೆಯುವವನು,
ಅಮಲ್ದಾರರ ಕಚೇರಿಯ ಎದುರು, ಹುಣಸೇಮರದ ಬುಡ,
ಮದ್ದೂರು.

ಗೆ,
ಕುಮಾರಿ ಚಿಕ್ಕಲಕ್ಷ್ಮಮ್ಮನವರು, ವಯಸ್ಸು ಹದಿಮೂರು,
ಹಣಕಾಸು, ಒಲೆ ಮತ್ತು ನೀರಿನ ಅಧಿಕಾರಿಗಳು,
ಮೇಲ್ಕಂಡ ಅರ್ಜಿದಾರನ ಮನೆ,
ಮದ್ದೂರು.

ದಿನಾಂಕ: 1944ನೇ ಇಸವಿ ಜೂನ್ ತಿಂಗಳು, ಸೋಮವಾರ, ತಾವು ರೇಷನ್ ಡಿಪೋದ ಸಾಲಿನಲ್ಲಿ ನಿಂತಿರುವ ಹೊತ್ತು.

ವಿಷಯ: ಮಂಡ್ಯದ ಹೈಸ್ಕೂಲಿನಿಂದ ತಮ್ಮ ಹೆಸರು ತೆಗೆಸುವ ಅರ್ಜಿಯನ್ನು ಬರೆದುಕೊಡಲು ನಾನು ಒಪ್ಪದಿರುವ ಬಗ್ಗೆ, ಮತ್ತು ಅದಕ್ಕೆ ಬದಲಾಗಿ ಮನೆಖರ್ಚಿನ ಲೆಕ್ಕದಿಂದ ನನ್ನ ನಶ್ಯದ ಬಾಬನ್ನು ರದ್ದು ಮಾಡುವಂತೆ ಕೋರಿಕೆ.

ಉಲ್ಲೇಖ: ನೆನ್ನೆ ಸಂಜೆ ಒಲೆಯ ಮುಂದೆ, ಊದುಗೊಳವೆ ಕೈಯಲ್ಲಿ ಹಿಡಿದು ತಾವು ಹೊರಡಿಸಿದ ಬಾಯಿಮಾತಿನ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ತಂದೆಯಾದ ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ತಾಲ್ಲೂಕಿನಲ್ಲಿ ಕಾಲುವೆ ನೀರಿಗೆ, ಕಳೆದುಹೋದ ಎಮ್ಮೆಗೆ, ಓಡಿಹೋದ ಅಳಿಯನಿಗೆ, ಯಾರು ಯಾವುದಕ್ಕೆ ಕೇಳಿದರೂ ಅರ್ಜಿ ಬರೆದುಕೊಟ್ಟವನು ನಾನು. ಒಂದೇ ಬೇಲಿಯ ಜಗಳಕ್ಕೆ ಬೆಳಿಗ್ಗೆ ಅಣ್ಣನ ಪರವಾಗಿಯೂ ಮಧ್ಯಾಹ್ನ ತಮ್ಮನ ಪರವಾಗಿಯೂ ಬರೆದಿದ್ದೇನೆ. ಬರೆಯುವುದಿಲ್ಲ ಎಂದು ಇದುವರೆಗೆ ಯಾರಿಗೂ ಹೇಳಿದವನಲ್ಲ. ಮೊದಲ ಸಲ ಹೇಳುತ್ತಿರುವುದು ತಮಗೆ. ಸ್ವಂತಕ್ಕೆಂದು ಅರ್ಜಿ ಬರೆಯುತ್ತಿರುವುದೂ ಇದೇ ಮೊದಲು. ಎದುರು ನಿಂತು ಹೇಳೋಣವೆಂದರೆ ನಾನು ಬಾಯಿ ತೆರೆಯುವುದರೊಳಗೆ ತಾವು ಲೆಕ್ಕ ಒಪ್ಪಿಸಿ ಮುಗಿಸಿರುತ್ತೀರಿ. ಕಾಗದದ ಮೇಲಾದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ. ಆದ್ದರಿಂದ ಈ ಅರ್ಜಿ.

ಮಸಿ ದುಬಾರಿಯಾಗಿರುವ ಕಾರಣ ಒಂದು ಅರ್ಜಿಗೆ ಒಂದೇ 'ಆದ್ದರಿಂದ' ಸಾಕೆಂದು ತಾವು ಯುಗಾದಿಯಲ್ಲಿ ಕಟ್ಟಪ್ಪಣೆ ಮಾಡಿದ್ದು ನೆನಪಿದೆ. ಈ ಅರ್ಜಿಯಲ್ಲಿ ಅದು ಮೀರಲಿದೆ. ಹಾಳೆಯಾದರೂ ಯಾವುದೋ ಹಳೆಯ ನೋಟೀಸಿನ ಬೆನ್ನು, ಅದಕ್ಕೆ ಖರ್ಚು ಬಿದ್ದಿಲ್ಲ. ಆದ್ದರಿಂದ ಮಸಿಯ ವಿಚಾರದಲ್ಲಿ ಕ್ಷಮೆ ಇರಲಿ.

1. ತಮ್ಮ ಅಧಿಕಾರದ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಮೂರು ವರ್ಷದ ಹಿಂದೆ ತಮ್ಮ ತಾಯಿಯವರು ತೀರಿಕೊಂಡಾಗ, ಅವರು ದುಡ್ಡು ಹುದುಗಿಸಿಡುತ್ತಿದ್ದ ಮೆಂತ್ಯದ ಡಬ್ಬಿ ನನ್ನ ವಶಕ್ಕೆ ಬಂದಿತು. ತಿಥಿಯ ಮಾರನೆಯ ದಿನ ಮಕ್ಕಳ ಮುಖ ನೋಡಲಾರದೆ ನಾನು ಸಂತೆಯಿಂದ ಒಂದು ಬುಟ್ಟಿ ಮಾವಿನಹಣ್ಣು ತಂದೆ. ಸದರಿ ಹಣ್ಣನ್ನು ತಾವು, ನಾನು, ಮತ್ತು ಆಗ ಮೂರು ವರ್ಷದವನಾಗಿದ್ದ ಚಿರಂಜೀವಿ ಚಲುವರಾಜು, ಮೂವರೂ ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದೆವು. ಅಷ್ಟು ದಿನವಾದ ಮೇಲೆ ಮನೆಯಲ್ಲಿ ಮೊದಲ ಸಲ ನಗು ಕೇಳಿಸಿತು. ಮಾರನೆಯ ದಿನ ಉಪ್ಪು ತರಲು ಹೋದರೆ ಡಬ್ಬಿಯಲ್ಲಿ ಮೆಂತ್ಯ ಮಾತ್ರ ಇತ್ತು. ಹತ್ತು ವರ್ಷದವರಾದ ತಾವು ಡಬ್ಬಿಯನ್ನು ಸೊಂಟಕ್ಕೆ ಅವಚಿಕೊಂಡು, "ಇನ್ಮೇಕೆ ಇದು ನನ್ ತಾವ್ಲೇ ಇರ್ಲಿ ಕಣಪ್ಪ, ನಿಂಗೆ ಬ್ಯಾಡ" ಎಂದಿರಿ. ಅಂದಿನಿಂದ ಈ ಮನೆ ನಡೆದಿದ್ದರೆ ಅದು ತಮ್ಮಿಂದ.

2. ಅಧಿಕಾರ ವಹಿಸಿಕೊಂಡ ಕೂಡಲೇ ತಾವು, ಅತ್ತವರಿಗೆಲ್ಲ ಬಿಟ್ಟಿ ಅರ್ಜಿ ಬರೆದುಕೊಡುವ ನನ್ನ ಪದ್ಧತಿಯನ್ನು ನಿಲ್ಲಿಸಿದಿರಿ. "ಅತ್ತೋರ್ಗೆಲ್ಲ ಸುಮ್ನೆ ಬರ್ಕೊಟ್ರೆ ಊರೋರೆಲ್ಲ ಅತ್ಕಂಡೇ ಬತ್ತರೆ. ಅಳ್ಲಿ, ಬ್ಯಾಡ ಅನ್ನಕಿಲ್ಲ. ಒಂದೊರೆ ಸೌದೆ ತಂದಾಕಿ ಅಳ್ಲಿ" ಎಂಬುದು ತಮ್ಮ ಆದೇಶ. ಆ ಮೇಲೆ ಅಳುವವರು ಕಡಿಮೆಯಾದರು, ಸೌದೆಗೆ ತೊಂದರೆಯಾಗಲಿಲ್ಲ. ಯುದ್ಧದಿಂದಾಗಿ ಎಲ್ಲ ತುಟ್ಟಿಯಾದಾಗ ತಾವು ರಾಗಿ ಹುರಿದು ಪುಡಿ ಮಾಡಿ ಬೆಲ್ಲ ಹಾಕಿ ಕುದಿಸಿಕೊಟ್ಟಿರಿ. ಅದನ್ನು ಕಾಫಿ ಎಂದು ಕರೆಯುವುದನ್ನು ಮಾತ್ರ ನಾವು ಬಿಟ್ಟಿಲ್ಲ. ನನ್ನ ಹಳೆಯ ಕೋಟನ್ನು ಪಕ್ಕದ ಮನೆಯ ಜಾನ್ ಬೀಯವರಿಂದ ಕತ್ತರಿಸಿ ಹೊಲಿಸಿ ಚಲುವರಾಜುವಿಗೆ ಅಂಗಿ ಮಾಡಿಸಿದಿರಿ. ಕೋಟಿನ ಒಳಜೇಬು ಈಗ ಅವನ ಹೊಟ್ಟೆಯ ಮೇಲೆ ಬಂದಿದೆ, ಅದರಲ್ಲಿ ಅವನು ಗೋಲಿ ಇಡುತ್ತಾನೆ.

3. ಹೀಗೆ ಮನೆ ನಡೆಸುತ್ತಲೇ ತಾವು ಲೋಯರ್ ಸೆಕೆಂಡರಿ ಪಾಸು ಮಾಡಿದಿರಿ. ಮಂಡ್ಯದ ಹೈಸ್ಕೂಲಿನಲ್ಲಿ ಹೆಸರು ಬರೆಸಿದೆವು, ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬರುವುದೆಂದು ಮಾತಾಯಿತು. ಅಂದು ಸಂಜೆ ತಾವು ನೀರಿಗೆಂದು ಬಿಂದಿಗೆ ಹಿಡಿದು ಹೋದವರು ಸ್ಟೇಷನ್ನಿನ ಬೇಲಿಯ ಪಕ್ಕ ನಿಂತು, ರೈಲು ಕಣ್ಣಿಗೆ ಮರೆಯಾಗುವವರೆಗೆ ನೋಡಿ, ಖಾಲಿ ಬಿಂದಿಗೆಯೊಡನೆ ಮನೆಗೆ ಬಂದಿರಿ. ನಾನು ಹುಣಸೇಮರದಿಂದ ಬರುತ್ತಾ ನೋಡಿದ್ದೇನೆ. ಇದನ್ನು ಈ ಅರ್ಜಿಯ ಮುಖ್ಯ ಸಾಕ್ಷಿಯೆಂದು ಪರಿಗಣಿಸಬೇಕು.

4. ಹೀಗಿರುವಲ್ಲಿ ನೆನ್ನೆ ಸಂಜೆ ತಾವು ಒಲೆ ಊದುತ್ತಾ, "ಅಪ್ಪ, ಮಂಡ್ಯದ ಎಡ್ಮಾಸ್ಟ್ರಿಗೆ ಒಂದರ್ಜಿ ಬರಿ, ನನ್ನೆಸರು ತೆಗ್ದುಬುಡಿ ಅಂತ" ಎಂದಿರಿ.

"ಯಾಕವ್ವ?" ಎಂದೆ.

"ಊರೋರ್ಗೆಲ್ಲ ಕಾರಣ ಉಟ್ಟಿಸಿ ಬರ್ದುಕೊಡ್ತೀಯ, ನಂಗೊಂದು ಉಟ್ಟಿಸಕಾಗಕಿಲ್ವ?" ಎಂದಿರಿ. ಆಮೇಲೆ ಒಂದೊಂದೇ ಬೆರಳು ಮಡಿಸಿದಿರಿ. "ರಾಗಿ, ಉಪ್ಪು, ಸೀಮೆಣ್ಣೆ, ಚಲುವನ ಸ್ಲೇಟು, ನಿನ್ ನಸ್ಯ. ಅಲ್ಗೆ ಡಬ್ಬಿ ಖಾಲಿ. ರೈಲ್ ಪಾಸ್ಗೆ ಎಲ್ಲದೆ? ಅದೂ ಅಲ್ದೆ ನಾನು ಒತ್ತಾರೆನೇ ರೈಲತ್ತಿ ಓದ್ರೆ ನಿಮಗೆ ಮುದ್ದೆ ಕಟ್ಟೋರ್ಯಾರು?"

ಇಷ್ಟನ್ನೂ ತಾವು ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿದಿರಿ. ಅತ್ತಿದ್ದರೆ ನನಗೆ ಏನಾದರೂ ಹೇಳಲು ಬರುತ್ತಿತ್ತು. ಅಳುವವರ ಎದುರು ಕೂತೇ ನನ್ನ ಅರ್ಧ ಆಯುಸ್ಸು ಕಳೆದಿದೆ.

5. ಸದರಿ ಲೆಕ್ಕದಲ್ಲಿ ಒಂದು ಬಾಬು ನನ್ನ ಎದೆಗೆ ನೆಟ್ಟಿತು. ಈ ಮನೆಯಲ್ಲಿ ಕಾಫಿ ಹೋಯಿತು. ತಲೆಗೆ ಎಣ್ಣೆ ಹೋಯಿತು. ತಮ್ಮ ಜಡೆಯ ಟೇಪು ಹೋಗಿ ಜಾನ್ ಬೀಯವರು ಹೊಲಿದುಳಿದ ಬಟ್ಟೆಯ ಅಂಚಿನ ಚೂರು ಬಂದಿತು. ನಶ್ಯ ಮಾತ್ರ ಹೋಗಲಿಲ್ಲ. ಪ್ರತಿ ತಿಂಗಳೂ ತಾವೇ ಅಂಗಡಿಗೆ ಹೋಗಿ ಪೊಟ್ಟಣ ತಂದು ನನ್ನ ಮಸಿಕುಡಿಕೆಯ ಪಕ್ಕ ಇಡುತ್ತೀರಿ. ಅದು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಲಿಲ್ಲ, ಇಡೀ ತಾಲ್ಲೂಕಿನ ಕಷ್ಟ ಕೇಳುವವನು ಅದೊಂದನ್ನು ಕೇಳಲಿಲ್ಲ. ನಶ್ಯ ಉಳಿದು ಹೈಸ್ಕೂಲು ಕೈಬಿಟ್ಟುಹೋಗುವ ಲೆಕ್ಕ ಕಿವಿಗೆ ಬಿದ್ದಾಗ ನನಗೆ ನಾಚಿಕೆಯಾಯಿತು, ಬಹಳ ಸಂಕಟವೂ ಆಯಿತು. ತಮ್ಮ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡು ಹೇಗೆ ಹೇಳಬೇಕೆಂದು ತಿಳಿಯದೆ ಒಂದು ಚಿಟಿಕೆ ಏರಿಸಿದೆ. ಸೀನು ಕೂಡ ಬರಲಿಲ್ಲ.

6. ಇನ್ನು ಮುದ್ದೆಯ ವಿಚಾರ. ಇದರಲ್ಲಿ ನನ್ನದೊಂದು ಹೇಳಿಕೆ ದಾಖಲಾಗಬೇಕು. ಎರಡು ತಿಂಗಳಿಂದ ರಾಗಿಹಿಟ್ಟು ಕಡಿಮೆಯಾಗುತ್ತಿದೆಯೆಂದು ತಾವು ಇಲಿಯ ಮೇಲೆ ಅನುಮಾನಪಟ್ಟು ಬೋನು ತಂದಿಟ್ಟಿರಿ. ಸದರಿ ಇಲಿ ನಾನೇ. ತಾವು ಪಾಸಾದ ವಾರದಿಂದಲೇ, ತಾವು ಡಿಪೋ ಸಾಲಿನಲ್ಲಿ ನಿಂತ ದಿನಗಳಲ್ಲಿ ನಾನು ಹಿತ್ತಿಲ ಒಲೆಯಲ್ಲಿ ಮುದ್ದೆ ಕಲಿಯುತ್ತಿದ್ದೆ. ಜಾನ್ ಬೀಯವರು ಹೊಲಿಗೆ ಮಿಷನ್ನಿನ ಮುಂದಿನಿಂದ ಎದ್ದು ಬಂದು ಗೋಡೆಯಾಚೆ ನಿಂತು ಪಾಠ ಹೇಳಿದರು.

"ನೀರು ಮಳ್ಳಿ ಕುದಿಯೋಕ್ ಮುಂಚೇನೆ ಇಟ್ಟಾಕ್ಬುಟ್ರಲ್ಲ ಅಣ್ಣ. ಅದು ಮುದ್ದೆ ಅಲ್ಲ, ಗೋಡೆಗೆ ಮೆತ್ತೋ ಮಣ್ಣು."

"ಇದನ್ನ ಈಗ ಏನ್ಮಾಡನವ್ವ?"

"ನಮ್ ಮೇಕೆಗಾಕಿ. ತಿಂದ್ರೆ ತಿನ್ಲಿ."

ಮೇಕೆ ಮೂಸಿ ನೋಡಿ, ನನ್ನ ಮುಖ ನೋಡಿ, ಹೊರಟುಹೋಯಿತು. ಚಲುವರಾಜುವಿನ ಬಾಯಿ ಮುಚ್ಚಿಸಲು ಬೆಲ್ಲ ಕೊಡಬೇಕಾಯಿತು; ಅದೂ ಇಲಿಯ ಲೆಕ್ಕಕ್ಕೇ ಸೇರಿದೆ. ನನ್ನ ಹೆಬ್ಬೆರಳು ಪೆಟ್ಟಿಗೆಯ ಮುಚ್ಚಳಕ್ಕೆ ಸಿಕ್ಕಿತೆಂದು ತಮಗೆ ಹೇಳಿದ್ದೆನಷ್ಟೆ. ಸಿಕ್ಕಿದ್ದು ಬೋನಿಗೆ. ಆದರೆ ಹೋದ ವಾರ ಮೇಕೆ ಇಡೀ ಮುದ್ದೆ ತಿಂದು ಮತ್ತೆ ಬಾಯಿ ಚಾಚಿತು. ಜಾನ್ ಬೀಯವರು ಸಹ, "ಊಂ, ಇನ್ ಮನುಷ್ಯರ್ಗೂ ಇಕ್ಕಬೈದು" ಎಂದು ಪ್ರಮಾಣೀಕರಿಸಿದ್ದಾರೆ. ಸಂಜೆ ತಾವು ಬರುವವರೆಗೆ ಚಲುವರಾಜುವನ್ನು ಅವರ ಮಕ್ಕಳ ಜೊತೆ ನೋಡಿಕೊಳ್ಳಲು ಒಪ್ಪಿದ್ದಾರೆ. ಪ್ರತಿಯಾಗಿ ಅವರ ಅರ್ಜಿಗಳನ್ನು ನಾನು ಬಿಟ್ಟಿ ಬರೆಯತಕ್ಕದ್ದು. ಅವರು ಅಳುವವರಲ್ಲವಾದ ಕಾರಣ ಇದು ತಮ್ಮ ಆದೇಶಕ್ಕೆ ವಿರುದ್ಧವಲ್ಲ.

7. ಹಣದ ವಿಚಾರ. ಶನಿವಾರ ತಾವು ತಂದಿಟ್ಟ ನಶ್ಯದ ಪೊಟ್ಟಣವನ್ನು ಬಿಚ್ಚದೆ ಇಂದು ಬೆಳಿಗ್ಗೆ ಅಂಗಡಿಗೆ ಹಿಂತಿರುಗಿಸಿ ದುಡ್ಡು ಪಡೆದೆ. ರೈಲಿನ ಪಾಸಿಗೆ ಅದು ಸಾಲಲಿಲ್ಲ. ಅಷ್ಟರಲ್ಲಿ, ಯಾವಾಗಲೂ ಬದನೆಕಾಯಿಯಲ್ಲೇ ಫೀಜು ಕೊಡುವ ಬೆಸಗರಹಳ್ಳಿಯ ಪುಟ್ಟಮಾದಯ್ಯ ಬಾವಿಯ ಅರ್ಜಿಗೆಂದು ಚೀಲ ಹೊತ್ತು ಬಂದ. ಈ ಸಲ ದುಡ್ಡೇ ಬೇಕೆಂದೆ.

"ಬದನೆಕಾಯಿ ಎಳೇವು ಕಣಯ್ಯ, ಇವತ್ತು ಒತ್ತಾರೆ ಕಿತ್ತಿದ್ದು."

"ಇರ್ಬೋದು ಕಣಪ್ಪ. ರೈಲ್ನೋರು ಬದ್ನೆಕಾಯಿ ಇಸ್ಕಳಕಿಲ್ಲ."

"ರೈಲ್ನಲ್ಲಿ ಎಲ್ಗೆ ಓಯ್ತೀಯ?"

"ನಾನಲ್ಲ. ನನ್ ಮಗಳು. ಐಸ್ಕೂಲ್ಗೆ."

ಅವನು ಸೊಂಟದ ಚೀಲ ಬಿಚ್ಚಿ ದುಡ್ಡು ಕೊಟ್ಟ. ಬದನೆಕಾಯಿಯನ್ನೂ ಇಟ್ಟುಹೋದ. ಆದ್ದರಿಂದ ಇಂದಿನ ಸಾರಿನ ಚಿಂತೆಯೂ ಇಲ್ಲ. ಮುಂದಿನ ತಿಂಗಳಿನಿಂದ ನಶ್ಯಕ್ಕೆ ಹೋಗುತ್ತಿದ್ದದ್ದು ಪಾಸಿಗೆ ಹೋಗಲಿ. ಕಡಿಮೆ ಬಿದ್ದದ್ದಕ್ಕೆ ಬಾವಿ, ಕಾಲುವೆ ಮತ್ತು ಅಳಿಯಂದಿರ ಅರ್ಜಿಗಳಿಗೆ ನಗದೇ ಪಡೆಯುತ್ತೇನೆ. ಎಮ್ಮೆ ಕಳೆದುಕೊಂಡವರಿಂದ ಮಾತ್ರ ತರಕಾರಿ. ಅವರಿಗೆ ಮೊದಲೇ ಹಾಲು ಹೋಗಿರುತ್ತದೆ.

8. ಅರ್ಜಿಗೆ ಕಾರಣ ಹುಟ್ಟಿಸುವುದು ನನಗೆ ಬರುತ್ತದೆ ಎಂದು ತಾವು ಹೇಳಿದ್ದು ನಿಜ. ನೆನ್ನೆ ಹಾಳೆ ಎದುರಿಗಿಟ್ಟುಕೊಂಡು ಕೂತೆ. 'ಇಂದ' ಬರೆದೆ, 'ಗೆ' ಬರೆದೆ, 'ಕಾರಣ' ಎಂದು ಬರೆದೆ. ಅಲ್ಲಿಂದ ಮುಂದೆ ಕೈ ಓಡಲಿಲ್ಲ. ಈ ಅರ್ಜಿಗೆ ಒಂದೇ ಒಂದು ಕಾರಣವೂ ನನಗೆ ಹುಟ್ಟಲಿಲ್ಲ.

ಆದ್ದರಿಂದ, ಮೇಲೆ ಹೇಳಿದ ಎಲ್ಲ ಕಾರಣಗಳಿಂದ, ತಾವು ದೊಡ್ಡ ಮನಸ್ಸು ಮಾಡಿ ನಶ್ಯದ ಬಾಬನ್ನು ಈ ದಿನದಿಂದಲೇ ರದ್ದುಪಡಿಸಬೇಕೆಂದೂ, ಬೆಳಗಿನ ಒಲೆಯ ಅಧಿಕಾರವನ್ನು ನನಗೆ ವಹಿಸಿಕೊಡಬೇಕೆಂದೂ, ಮೆಂತ್ಯದ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ನನಗೆ ಕೊಡದೆ ತಮ್ಮ ಬಳಿಯೇ ಇಟ್ಟುಕೊಳ್ಳಬೇಕೆಂದೂ, ಬರುವ ಸೋಮವಾರ ಬೆಳಗಿನ ರೈಲಿಗೆ ಹೊರಡಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿಯೂ ತಂದೆಯೂ ಆದ,
ಹುಚ್ಚೀರಯ್ಯ
(ಸೀನುತ್ತಾ ಮಾಡಿದ ರುಜು. ನಶ್ಯವಿಲ್ಲದ್ದಕ್ಕೇ ಈ ಸೀನು.)

ಲಗತ್ತುಗಳು:

ಮಂಡ್ಯಕ್ಕೆ ರೈಲ್ವೆ ಪಾಸು, ತಮ್ಮ ಹೆಸರಿನಲ್ಲಿ, ಒಂದು. ಕೊಂಡದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಸ್ಟೇಷನ್ನಿನವರು ಹೇಳಿದ್ದಾರೆ. ನಾನೇ ಹಾಗೆ ಹೇಳಿ ಎಂದು ಕೇಳಿಕೊಂಡಿದ್ದೆ.

ನಶ್ಯದ ಡಬ್ಬಿ, ತೊಳೆದು ಒಣಗಿಸಿದ್ದು. ತಮ್ಮ ಪೆನ್ನಿನ ಮುಳ್ಳುಗಳನ್ನು ಇಡಲು ಅನುಕೂಲ.

ತಾವು ಬರೆಯಲು ಹೇಳಿದ ಅರ್ಜಿ, 'ಕಾರಣ' ಎಂಬಲ್ಲಿಗೆ ನಿಂತಿರುವುದು. ಒಲೆ ಹೊತ್ತಿಸಲು ಬಳಸಬಹುದು.

ರಾಗಿಮುದ್ದೆ ಒಂದು, ತಟ್ಟೆಯಲ್ಲಿ, ಮೇಲೆ ಬೋಗುಣಿ ಮುಚ್ಚಿದೆ.

ವಿಶೇಷ ಸೂಚನೆ: ಆರಿದ ಮುದ್ದೆ ಗಟ್ಟಿಯಾಗುವ ಕಾರಣ, ಡಿಪೋದಿಂದ ಬಂದ ಕೂಡಲೇ ಕೈಕಾಲು ತೊಳೆದು ಮೊದಲು ಕಡೆಯ ಲಗತ್ತನ್ನು ಪರಿಶೀಲಿಸಿ, ಆಮೇಲೆ ಅರ್ಜಿಯನ್ನು ಓದಬೇಕಾಗಿ ಕೋರಿದೆ.

ಷರಾ (ಅದೇ ಹಾಳೆಯ ಕೆಳಗೆ, ಪೆನ್ಸಿಲಿನಲ್ಲಿ):

ಮುದ್ದೆಯಲ್ಲಿ ಎರಡು ಗಂಟು ಇತ್ತು. ಪೂರ್ತಿ ತಿಂದಿದ್ದೇನೆ. ಅರ್ಜಿಯಲ್ಲಿ 'ಆದ್ದರಿಂದ' ಜಾಸ್ತಿ ಆಯಿತು. ಬೋನನ್ನು ಜಾನ್ ಬೀಯವರ ಮನೆಗೆ ವಾಪಸು ಕೊಟ್ಟು ಬಾ. ಪಾಸು ನನ್ನ ಹತ್ತಿರವೇ ಇರಲಿ ಅಪ್ಪ, ನೀನು ಕಳೆದುಬಿಡುತ್ತೀಯ.

ಚಿಕ್ಕಲಕ್ಷ್ಮಿ