ಒಬ್ಬ ಶತ್ರುವಿನ ಶಿಫಾರಸು

ದ್ವೀಪಸಮೂಹದ ದೋಣಿಗಳ ನಂಬಿಕೆಯನ್ನು ತೂಗಿ ಅಂಕ ಕೊಡುವ ಏಜೆಂಟ್ ಮಹೋದಯರ ಸನ್ನಿಧಿಗೆ,
ಅಲ್ದಾಕುಯ್ ದ್ವೀಪ, ಚಿಲೊಯೆಯಿಂದ.

ಮಾನ್ಯರೇ,

ತಮಗೆ ಆರೋಗ್ಯವೆಂಬುದು ಇದೆಯೋ ಇಲ್ಲವೋ ತಿಳಿಯದು. ಇದ್ದರೆ ಅದು ಚೆನ್ನಾಗಿರಲಿ, ಇಲ್ಲದಿದ್ದರೆ ತಮ್ಮ ವಿದ್ಯುತ್ತಾದರೂ ನಮ್ಮ ಊರಿನದರಂತೆ ಗಾಳಿ ಬೀಸಿದಾಗಲೆಲ್ಲ ಹೋಗದಿರಲಿ ಎಂದು ಹಾರೈಸಿ, ಇಪ್ಪತ್ತಾರು ವರ್ಷಗಳಿಂದ ಈ ಕಡಲಲ್ಲಿ ದೋಣಿ ನಡೆಸುತ್ತಿರುವ ಏದುವೀನಾ ಬರ್ರೀಯಾ ಎಂಬ ನಾನು ಅತ್ಯಂತ ವಿನಯದಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಿಂದೆ ಕಾಸ್ತ್ರೋ ಪಟ್ಟಣದ ಆಸ್ಪತ್ರೆಗೆ ಹೋಗಬೇಕಾದವರು ನನ್ನ ಬಾಗಿಲಿಗೆ ಬಂದು ಕೂಗುತ್ತಿದ್ದರು. ಈಗ ಆಸ್ಪತ್ರೆಯ ಕಂಪ್ಯೂಟರ್ ಏಜೆಂಟು ದೋಣಿಗಳ ಏಜೆಂಟುಗಳನ್ನು ವಿಚಾರಿಸುತ್ತದೆ, ಯಾವ ದೋಣಿಯನ್ನು ನಂಬಬಹುದೆಂದು ಅವೆಲ್ಲ ಸೇರಿ ತಮ್ಮನ್ನು ಕೇಳುತ್ತವೆ, ತಾವು ನೂರಕ್ಕೆ ಇಷ್ಟೆಂದು ಅಂಕ ದಯಪಾಲಿಸುತ್ತೀರಿ, ಇಷ್ಟೆಲ್ಲ ನಡೆಯುವಾಗ ಒಬ್ಬ ಮನುಷ್ಯನೂ ಬಾಯಿ ತೆರೆಯಬೇಕಾಗಿಲ್ಲ. ಇಂಥ ಶಾಂತಿ ನಮ್ಮ ಇಗರ್ಜಿಯಲ್ಲೂ ಇಲ್ಲ.

ಮೇ ತಿಂಗಳಲ್ಲಿ ತೊಂಬತ್ತೊಂದಿದ್ದ ನನ್ನ ಅಂಕ ಜೂನಿನಲ್ಲಿ ಹದಿಮೂರಾಯಿತು. ದೋಣಿ ಮುಳುಗಲಿಲ್ಲ, ತಡವೂ ಆಗಲಿಲ್ಲ; ಆದದ್ದಿಷ್ಟೇ, ಊರಿನ ನಲವತ್ತಮೂರು ಜನ ತಮಗೆ ಬರೆದು ನನ್ನನ್ನು ಹೊಗಳಿಬಿಟ್ಟರು. ಹೊಗಳಿದವರೆಲ್ಲ ಒಬ್ಬರಿಗೊಬ್ಬರು ಬೇಕಾದವರು, ಆದ್ದರಿಂದ ಇದು ಒಳಸಂಚಿನ ಗುಂಪು ಎಂದು ತಾವು ಪತ್ತೆಹಚ್ಚಿದಿರಿ. ಶಹಭಾಸ್! ಇನ್ನೂರ ಹನ್ನೆರಡು ಜನರ ದ್ವೀಪದಲ್ಲಿ ಹತ್ತೊಂಬತ್ತು ಮಕ್ಕಳನ್ನು ಜ್ಞಾನಸ್ನಾನದಲ್ಲಿ ಎತ್ತಿಕೊಂಡು ನಿಂತವಳು ನಾನು. ಆ ಮಕ್ಕಳ ಅಪ್ಪ ಅಮ್ಮಂದಿರಿಗೆಲ್ಲ ನಾನು ಕೊಮಾದ್ರೆ, ಅಂದರೆ ಜ್ಞಾನಸ್ನಾನದಿಂದಾದ ನೆಂಟಳು, ಅವರೂ ಇನ್ಯಾರ ಮಕ್ಕಳನ್ನೋ ಎತ್ತಿಕೊಂಡು ನಿಂತು ಮಿಕ್ಕವರಿಗೆಲ್ಲ ಹಾಗೇ ಆಗಿದ್ದಾರೆ. ನನ್ನ ಗುರುತಿರುವವರ ಮಾತು ನಂಬುವಂಥದಲ್ಲ, ಗುರುತಿಲ್ಲದವರಿಗೆ ನನ್ನ ಬಗ್ಗೆ ಹೇಳಲು ಏನೂ ಇಲ್ಲ ಎಂಬ ತಮ್ಮ ತರ್ಕಕ್ಕೆ ನಾನು ಟೋಪಿ ತೆಗೆದು ನಮಸ್ಕರಿಸಿದೆ.

ತೊಂಬತ್ತೇಳು ಅಂಕ ಪಡೆದ ಪುಯೆರ್ತೊ ಮೊಂತ್‌ನ ಬಿಳಿ ದೋಣಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅದು ನಮ್ಮ ದ್ವೀಪಕ್ಕೆ ಇದುವರೆಗೆ ಬಂದೇ ಇಲ್ಲವಾದ್ದರಿಂದ ಅದರ ಮೇಲೆ ಒಂದು ದೂರೂ ಇಲ್ಲ.

ಆದರೆ ಒತಿಲಿಯಾ ಮಾನ್ಸಿಯಾ ಇದ್ದಾಳೆ. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿವೆ, ವಾರಕ್ಕೆ ಮೂರು ದಿನ ಕಾಸ್ತ್ರೋಗೆ ಡಯಾಲಿಸಿಸ್‌ಗೆ ಹೋಗಬೇಕು. ಆಸ್ಪತ್ರೆಯ ಏಜೆಂಟು ತಮ್ಮ ಮಾತಿನಂತೆ ಅವಳನ್ನು ಬಿಳಿ ದೋಣಿಗೆ ಒಪ್ಪಿಸಿತು. ಬುಧವಾರ ಬೆಳಿಗ್ಗೆ ಅವಳು ಟೋಪಿ ಹಾಕಿಕೊಂಡು, ಚೀಲ ಮಡಿಲಲ್ಲಿಟ್ಟುಕೊಂಡು ದಡದಲ್ಲಿ ಕೂತೇ ಇದ್ದಳು. “ಬರ್ತೀವಿ ಬರ್ತೀವಿ ಅಂತ ಎಷ್ಟು ಚೆಂದ ಹೇಳ್ತಾರೆ ಕಣೇ ಕೊಮಾದ್ರೆ, ಬರ್ದೆ ಇದ್ರೂ ಬೈಯೋಕೆ ಮನಸ್ಸಾಗಲ್ಲ” ಎಂದಳು. ನಾನೇ ಕರೆದೊಯ್ದೆ, ಎರಡು ಗಂಟೆ ತಡವಾಯಿತು. ನಂಬಲಾಗದ ದೋಣಿಯಲ್ಲಿ ರೋಗಿಯನ್ನು ತಂದದ್ದಕ್ಕೆ ನನ್ನ ಅಂಕ ಒಂಬತ್ತಾಯಿತು, ಇನ್ನೊಂದು ಸಲ ತಡವಾದರೆ ಅವಳ ಡಯಾಲಿಸಿಸ್ ಕುರ್ಚಿ ಬೇರೆಯವರಿಗೆ ಎಂಬ ಸಂದೇಶ ಅವಳಿಗೆ ಬಂತು. ಆ ಕುರ್ಚಿ ಹೋದರೆ ಒತಿಲಿಯಾ ಉಳಿಯುವುದಿಲ್ಲ, ಮಾನ್ಯರೇ.

ಇದಕ್ಕೆ ತಾವೇ ಪರಿಹಾರ ಸೂಚಿಸಿದ್ದೀರಿ: ನನಗೆ ಯಾವ ರೀತಿಯಲ್ಲೂ ಬೇಕಾದವನಲ್ಲದ ಒಬ್ಬ ಸಾಕ್ಷಿ. ಅಂಥವನು ಊರಿನಲ್ಲಿ ಒಬ್ಬನೇ, ರೊಸಾಮೆಲ್ ಚಿಗುವಾಯ್. ಹದಿನೇಳು ವರ್ಷದ ಹಿಂದೆ ಅವನ ಮರದ ಮನೆಯನ್ನು ಇಡಿಯಾಗಿ ಬೇರೆ ಜಾಗಕ್ಕೆ ಸಾಗಿಸಲು ಊರೆಲ್ಲ ಮಿಂಗಾ ಎಂಬ ಕೂಡುಗೆಲಸಕ್ಕೆ ಸೇರಿ, ಅದನ್ನು ಎತ್ತುಗಳಿಂದ ದಡಕ್ಕೆ ಎಳೆಸಿ ನೀರಿಗೆ ಬಿಟ್ಟಿತು. ಅದನ್ನು ಕೊಲ್ಲಿಯ ಆಚೆಗೆ ಎಳೆದದ್ದು ನನ್ನ ದೋಣಿ. ನಡುದಾರಿಯಲ್ಲಿ ಅಡುಗೆಮನೆ ಕಳಚಿಕೊಂಡು ತಳ ಸೇರಿತು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಆಲೂಗಡ್ಡೆ ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಅವನ ಬಾಗಿಲು ಬಡಿದೆ.

“ಏನೇ, ನನ್ನ ಅಡುಗೆಮನೆ ವಾಪಸ್ ತಂದ್ಯಾ?” ಎಂದ.

ವಿಷಯ ಹೇಳಿ, ನನ್ನ ಬಗ್ಗೆ ಅನ್ನಿಸಿದ್ದನ್ನು ಬರೆದುಕೊಡು ಎಂದೆ. “ಅನ್ಸಿದ್ದೇ ಬರೀಲಾ? ಆಮೇಲೆ ಮೂತಿ ಊದಿಸ್ಕೊಂಡು ಕೂರ್ಬಾರ್ದು” ಎಂದು ಬರೆದ: ಇವಳು ಹಟಮಾರಿ ಕತ್ತೆ, ನನ್ನ ಅಡುಗೆಮನೆ ಮುಳುಗಿಸಿದವಳು, ಇವಳ ಮುಖ ಕಂಡರೆ ನನಗಾಗದು, ಆದರೆ ಬರುತ್ತೇನೆ ಎಂದ ದಿನ ಇವಳು ಬಾರದೆ ಇದ್ದದ್ದನ್ನು ನಾನು ಕಂಡಿಲ್ಲ. ಓದಿ ನನಗೆ ಅಳು ಬಂತು, ಅವನಿಗೆ ಕಾಣದಂತೆ ತಿರುಗಿ ನಿಂತೆ.

ತಾವು ಕೂಡಲೇ ಎಂಬತ್ತನಾಲ್ಕು ಕೊಟ್ಟಿರಿ, ಶುಕ್ರವಾರ ಒತಿಲಿಯಾ ಹೊತ್ತಿಗೆ ಸರಿಯಾಗಿ ತಲುಪಿದಳು. ಶನಿವಾರ ಉಪಕಾರ ಸ್ಮರಣೆಗೆಂದು ರೊಸಾಮೆಲನನ್ನೂ ಅವನ ಆಲೂಗಡ್ಡೆ ಮೂಟೆಗಳನ್ನೂ ನನ್ನ ದೋಣಿಯಲ್ಲಿ ಸಾಗಿಸಿದ್ದೇ ತಪ್ಪಾಯಿತು. ಅವನ ಫೋನು ನನ್ನ ದೋಣಿಯಲ್ಲಿ ಕಂಡೊಡನೆ ಅವನೂ ಒಳಸಂಚಿನ ಗುಂಪಿಗೆ ಸೇರಿದ, ನಾನು ನಾಲ್ಕಕ್ಕೆ ಇಳಿದೆ, ಒತಿಲಿಯಾ ಮತ್ತೆ ಬಿಳಿ ದೋಣಿಯ ಪಾಲಾದಳು.

ಆದಕಾರಣ ನಮ್ಮಿಬ್ಬರಿಗೂ ಶತ್ರುತ್ವದ ಅಧಿಕೃತ ಪ್ರಮಾಣಪತ್ರವೊಂದನ್ನು ನೀಡಬೇಕಾಗಿ ಪ್ರಾರ್ಥನೆ. ವಾರಕ್ಕೆ ಎಷ್ಟು ಜಗಳ, ಎಷ್ಟು ಗಟ್ಟಿಯಾಗಿ, ಅವನ ತಾಯಿಯ ಹೆಸರು ಎತ್ತಬೇಕೋ ಬೇಡವೋ ಎಂದು ತಿಳಿಸಿದರೆ ದಡದಲ್ಲಿ ತಮ್ಮ ಕಿವಿಗೆ ಬೀಳುವಂತೆ ನಿಷ್ಠೆಯಿಂದ ಆಡುತ್ತೇವೆ. ಅದೂ ಆಗದಿದ್ದರೆ ತಾವೇ ಒಮ್ಮೆ ಖುದ್ದಾಗಿ ನನ್ನ ದೋಣಿ ಹತ್ತಿ ನೋಡಬೇಕು. ಹೊಟ್ಟೆ ತೊಳಸಿದರೆ ಬಕೆಟ್ ಇದೆ.

ತಮ್ಮ ವಿಶ್ವಾಸಿ
(ಈ ಪದ ಬಳಸಲು ಎಷ್ಟು ಅಂಕ ಬೇಕೋ ವಿಚಾರಿಸದೆ ಬಳಸಿದ್ದಕ್ಕೆ ಕ್ಷಮೆಯಿರಲಿ),
ಏದುವೀನಾ ಬರ್ರೀಯಾ

ಬರೆಯಲು ಮರೆತದ್ದು: ಸೋಮವಾರ ಬಿಳಿ ದೋಣಿ ಮತ್ತೆ ಬರಲಿಲ್ಲ, ಹೊತ್ತು ಮೀರಿತ್ತು. ಒತಿಲಿಯಾ ಆಸ್ಪತ್ರೆಯ ನರ್ಸಿಗೆ ತಾನೇ ಫೋನು ಮಾಡಿದಳು. “ಯಾರ್ ಕರ್ಕೊಂಡು ಬರ್ತಿದಾರೆ?” ಎಂದು ನರ್ಸು ಕೇಳಿದಳು, ಇವಳು ನನ್ನ ಹೆಸರು ಹೇಳಿದಳು. “ಅವ್ರಾ? ಹಾಗಾದ್ರೆ ಬಂದೇ ಬರ್ತೀರ. ಕುರ್ಚಿ ಯಾರಿಗೂ ಕೊಡಲ್ಲ, ಬೇಕಾದ್ರೆ ನಾನೇ ಅದ್ರಲ್ಲಿ ಕೂತಿರ್ತೀನಿ.” ನಾವು ತಲುಪಿದಾಗ ಕೂತೇ ಇದ್ದಳು. ಅವಳ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆದರೆ ತಾವು ಅವಳನ್ನೂ ನಂಬುವುದು ಬಿಟ್ಟುಬಿಡುತ್ತೀರಿ.