ಸಿಟ್ರೇಟೂ ನನ್ನ ಧೈರ್ಯವೂ

ಬಾಯಿ ಮುಚ್ಚಿಕೊಳ್ಳಬೇಕಾದ ಕಡೆ ತೆರೆಯುವುದು, ತೆರೆಯಲೇಬೇಕಾದ ಕಡೆ ಮುಚ್ಚಿಕೊಂಡು ಕೂರುವುದು ನನ್ನ ಹುಟ್ಟುಗುಣ. ಗೋಕಾಕದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನಾದ್ದರಿಂದ ಮೊದಲನೆಯದು ವ್ಯಾಪಾರಕ್ಕೆ ನಡೆಯುತ್ತದೆ. ಎರಡನೆಯದು ಮಾತ್ರ ಈ ಮಳೆಗಾಲದಲ್ಲಿ ಜೀವ ಬಾಯಿಗೆ ತಂದಿತು.

ಮೇಲವಂಕಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಶಿವಪ್ಪನಿಗೆ ಡೆಂಗಿ ಬಂತು. ಬೆಳಗಾವಿಯ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಒಸಡಿನಿಂದ ರಕ್ತ ಒಸರುತ್ತಿತ್ತು. ಬೇಗ ಪ್ಲೇಟ್‌ಲೆಟ್ ಬೇಕು, ಅವನ ಗುಂಪಿನದೇ ರಕ್ತ ಯಾರದಿದೆ ಎಂದು ಡಾಕ್ಟರು ಕೇಳಿದರು. ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. "ಅದೇನ್ ದೊಡ್ಡದ್ರಿ, ನಂದೂ ಅದ ಗುಂಪು, ನಾ ಕೊಡ್ತೇನಿ" ಅಂದುಬಿಟ್ಟೆ. ನನ್ನ ಪುಕ್ಕಲುತನ ಚೆನ್ನಾಗಿ ಬಲ್ಲ ಹೆಂಡತಿ ಗಂಗವ್ವ ಒಮ್ಮೆ ನೋಡಿ, ತಾನೇ ನನ್ನ ಅಂಗಿಯ ತೋಳು ಮಡಚಿದಳು. ತಮ್ಮನ ಜೀವದ ಪ್ರಶ್ನೆ.

ತಪಾಸಣೆ ಮುಗಿಸಿ ನನ್ನನ್ನು ಉದ್ದನೆಯ ಕುರ್ಚಿಯಲ್ಲಿ ಮಲಗಿಸಿದರು. ಯಂತ್ರ ನನ್ನ ರಕ್ತ ಎಳೆದು, ಪ್ಲೇಟ್‌ಲೆಟ್ ಇಟ್ಟುಕೊಂಡು, ಉಳಿದದ್ದನ್ನು ಮರಳಿ ಮೈಗೆ ಬಿಡುತ್ತದಂತೆ. ಸ್ವಲ್ಪ ಹೊತ್ತಿಗೆ ತುಟಿ ಜುಮ್ಮೆಂದಿತು. ಆಮೇಲೆ ಮೂಗಿನ ತುದಿ. ಹೇಳಿದರೆ ಯಂತ್ರ ನಿಲ್ಲಿಸುತ್ತಾರೆ, ಶಿವಪ್ಪನ ಗತಿ ಏನು? ಹೇಳದಿದ್ದರೆ ನನ್ನ ಗತಿ ಏನು? ಹಲ್ಲು ಕಚ್ಚಿಕೊಂಡು ಮಲಗಿದೆ. ಬೆರಳು ಸೆಟೆಯತೊಡಗಿದಾಗ ಲಕ್ವಾ ಹೊಡೆಯಿತೆಂದು ಖಾತ್ರಿಯಾಯಿತು. ಗಂಗವ್ವನನ್ನು ಹತ್ತಿರ ಕರೆದು, "ಅಂಗಡಿ ಮಾತ್ರ ಮಾರಬ್ಯಾಡ" ಎಂದೆ.

ಅವಳು ಚೀರಿದ ಚೀರಿಗೆ ಡಾಕ್ಟರಮ್ಮ ಓಡಿ ಬಂದರು.

"ತುಟಿ ಜುಮ್ ಅನ್ನಾಕತ್ತಾವೇನ್ರಿ?"

"ಹೂಂನ್ರಿ. ಭಾಳ ಹೊತ್ತಾತು."

"ಮದಲ ಹೇಳಬಾರದೇನ್ರಿ ಕಾಕಾ!" ಎಂದು ಯಂತ್ರದ ವೇಗ ತಗ್ಗಿಸಿ, ಅಗಿಯಲು ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. "ಪೈಪಿನ್ಯಾಗ ರಕ್ತ ಹೆಪ್ಪುಗಟ್ಟಬಾರದಂತ ಸಿಟ್ರೇಟ್ ಅನ್ನೂ ಉಪ್ಪು ಕೂಡಸ್ತೇವ್ರಿ. ಹೆಪ್ಪುಗಟ್ಟಾಕ ಕ್ಯಾಲ್ಸಿಯಂ ಬೇಕು, ಇದು ಅದನ್ನ ಹಿಡಕೊಂಡು ಕುಂದರತೈತಿ. ಸ್ವಲ್ಪ ನಿಮ್ಮ ಮೈಯಾಗೂ ಬರತೈತಿ. ಅದಕ್ಕ ಜುಮ್ ಅಂತೈತಿ."

ಗಂಗವ್ವ ಕಣ್ಣೊರೆಸಿಕೊಂಡು ಕೇಳಿದಳು: "ನನ್ನ ಕಿಡ್ನಿ ಹರಳಿನ ಔಷಧದ ಮ್ಯಾಲೂ ಹಂಗ ಬರದಾರಲ್ರಿ?"

"ಅದ ಜಾತೀದು. ಅಲ್ಲೆ ಕ್ಯಾಲ್ಸಿಯಂ ಹರಳ ಆಗದಂಗ ತಡೀತೈತಿ. ಜುಲಾಬಿಗೆ ಕೊಡೂ ಓಆರ್‌ಎಸ್ ಪುಡಿಯಾಗೂ ಇರತೈತ್ರಿ."

ನಿಂಬೆಹುಳಿಯ ಬಳಗದ ಈ ಉಪ್ಪು ನಮ್ಮ ಮನೆಯ ಕಪಾಟಿನಲ್ಲೇ ಎರಡು ಕಡೆ ಕೂತಿತ್ತು. ನನ್ನ ಪರಿಚಯ ಮಾಡಿಕೊಳ್ಳಲು ಮಾತ್ರ ಅದು ನರದೊಳಗೇ ಬರಬೇಕಾಯಿತು. ಬೆರಳು ಸಡಿಲಾದವು. ಯಂತ್ರ ನಿಧಾನವಾಗಿ ತನ್ನ ಕೆಲಸ ಮುಗಿಸಿತು.

ಮರುದಿನ ಶಿವಪ್ಪನ ಒಸಡಿನ ರಕ್ತ ನಿಂತಿತು. ನೋಡಲು ಹೋದಾಗ ಅವನು ನನ್ನ ಕೈ ಹಿಡಿದು, "ಮಾಮಾ, ನೀವು ಇರಲಿಲ್ಲಂದ್ರ..." ಎಂದ. ದೊಡ್ಡಸ್ತಿಕೆಯ ಒಂದು ಉತ್ತರ ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆದರೆ ಬಂದದ್ದು ಅಳು. ಎಂಥ ಅಳು! ಸಲೈನ್ ಚುಚ್ಚಿದ ಕೈಯಿಂದಲೇ ಶಿವಪ್ಪ ನನ್ನ ಬೆನ್ನು ಸವರುತ್ತ, "ಸಮಾಧಾನ ಮಾಡ್ಕೋರಿ, ಏನೂ ಆಗೂದಿಲ್ಲ" ಎನ್ನುತ್ತಿದ್ದ. ಅಷ್ಟರಲ್ಲಿ ಔಷಧದ ತಟ್ಟೆ ಹಿಡಿದು ಬಂದ ಹೊಸ ನರ್ಸು ಬಾಗಿಲಲ್ಲೇ ನಿಂತು, ನಮ್ಮಿಬ್ಬರನ್ನೂ ನೋಡಿ ಕೇಳಿದಳು:

"ಪೇಶಂಟ್ ಯಾರ್ರಿ ಇಲ್ಲೆ?"